ಮಾಡೆಲ್ ‘ಸೇಫ್’ ಅಂತದೆ, ಕಾಲುಸಂಕ ಸೇಫಾ?

ಪ್ರಶ್ನೆ: ಶಿರಸಿ ತಾಲೂಕಿನ ಹಳ್ಳಿ ನಮ್ಮದು. ಹೊಳೆ ದಾಟೋಕೆ ಒಂದು ಕಬ್ಬಿಣದ ಕಾಲುಸಂಕ ಅದೆ, 9 ಮೀಟರ್ ಉದ್ದ, 1.2 ಮೀಟರ್ ಅಗಲ. ಎರಡು ಐಎಸ್‌ಎಂಬಿ 200 ಬೀಮು (ಐ ಆಕಾರದ, 200 ಮಿಲಿಮೀಟರ್ ಎತ್ತರದ ಕಬ್ಬಿಣದ ತೊಲೆ), ಮೇಲೆ ಚೆಕರ್ಡ್ ಪ್ಲೇಟು, ಎರಡೂ ದಡದಲ್ಲಿ ಚಿರೆಕಲ್ಲು ಗೋಡೆ ಮೇಲೆ ಕೂರ್ಸಿದ್ದು. ಹಾಕಿ ಇಪ್ಪತ್ತು ವರ್ಷದ ಹತ್ರ ಆಯ್ತು, ಶಾಲೆ ಮಕ್ಕಳು, ಡೇರಿಗೆ ಹಾಲು ಹಾಕೋರು ಎಲ್ಲ ಅದ್ರ ಮೇಲೇ ಓಡಾಡೋದು. ಕಾರವಾರದ ಕಾಳಿ ಸೇತುವೆ ಬಿದ್ದಾಗಿನಿಂದ ಊರಲ್ಲಿ ಎಲ್ರಿಗೂ ಹೆದರಿಕೆ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದ್ತಿರೋ ನನ್ನ ತಂಗಿ ಮಗ ಲ್ಯಾಪ್‌ಟಾಪಲ್ಲಿ ಸಂಕದ ಮಾಡೆಲ್ ಮಾಡಿ, ಚದರ ಮೀಟರಿಗೆ 500 ಕೆಜಿ ಜನರ ಲೋಡ್ ಹಾಕಿ ತೋರಿಸ್ದ. ನಡುವೆ 57, ತುದಿಯಲ್ಲಿ 113 ಮೆಗಾಪಾಸ್ಕಲ್ ಸ್ಟ್ರೆಸ್ (ಕಬ್ಬಿಣದೊಳಗಿನ ಒತ್ತಡ) ಬಂತು, ಕಬ್ಬಿಣ 250 ತಡೀತದೆ, ಸೇಫ್ ಅಂತಾನೆ. ಚಿತ್ರದಲ್ಲಿ ಎಲ್ಲ ನೀಲಿ, ಆದ್ರೆ ತುದಿಯ ಮೂಲೆಗಳಲ್ಲಿ ಮಾತ್ರ ಕೆಂಪು ಚುಕ್ಕಿ, ಅಲ್ಲಿ 340. ಮೆಶ್ (ಲೆಕ್ಕಕ್ಕೆ ಸಂಕವನ್ನ ಭಾಗ ಮಾಡೋ ತುಂಡುಗಳು) ಸಣ್ಣ ಮಾಡಿದ್ರೆ ಅದು ಇನ್ನೂ ಏರ್ತದೆ. ನೀಲಿ ನಂಬೋದಾ, ಕೆಂಪು ನಂಬೋದಾ? ಇಂಥ ಸಿಮ್ಯುಲೇಶನ್ ಮೊದ್ಲೇ ಮಾಡಿದ್ರೆ ಕಾಳಿ ಸೇತುವೆ ಬೀಳೋದು ಗೊತ್ತಾಗ್ತಿತ್ತಾ?

ಉತ್ತರ:

ಮೊದ್ಲು ನಿಮ್ಮ ತಂಗಿ ಮಗನಿಗೆ ಒಂದು ಶಾಭಾಸ್. ಮೆಶ್ ಸಣ್ಣ ಮಾಡಿ ಇನ್ನೊಂದ್ ಸಲ ಓಡಿಸಿ ನೋಡಿದ್ನಲ್ಲ, ಅದನ್ನ ಸಂಬಳ ತಗೊಂಡು ಇದೇ ಕೆಲ್ಸ ಮಾಡೋ ಎಷ್ಟೋ ಜನ ಮಾಡೋದಿಲ್ಲ. ಆ ಅಭ್ಯಾಸ ಬಿಡ್ಬೇಡ ಅಂತ ಹೇಳಿ. ಆದ್ರೆ ನೀವು ಕೇಳಿದ್ದಕ್ಕೆ ನೇರ ಉತ್ತರ ಏನಂದ್ರೆ, ಆ ನೀಲಿನೂ ಹಾಗೇ ನಂಬೋಕಾಗಲ್ಲ, ಆ ಕೆಂಪಿಗೂ ಹಾಗೇ ಹೆದರಬೇಕಾಗಿಲ್ಲ, ಎರಡೂ ಬಂದಿದ್ದು ಒಂದೇ ಕಾರಣಕ್ಕೆ, ಅವನು ಬೀಮಿನ ತುದಿಗೆ ಕೊಟ್ಟ ಸಪೋರ್ಟ್.

113 ಅಂತ ಓದಿದ ಕೂಡ್ಲೆ ನಾನು ಪೆನ್ನು ತಗೊಂಡು ಲೆಕ್ಕ ಮಾಡ್ದೆ, ನೀವೂ ಮಾಡ್ಬಹುದು. 500 ಕೆಜಿ ಗುಣಿಸು 1.2 ಮೀಟರ್ ಅಗಲ ಅಂದ್ರೆ ಮೀಟರಿಗೆ 600 ಕೆಜಿ, ಎರಡು ಬೀಮು ಹಂಚ್ಕೊಂಡ್ರೆ ಒಂದಕ್ಕೆ 300. ಬೀಮಿನ ಸ್ವಂತ ತೂಕ ಮೀಟರಿಗೆ 25 ಕೆಜಿ, ಅದಕ್ಕೆ ಪ್ಲೇಟು, ಕೈ ಹಿಡಿಯೋ ರೇಲಿಂಗ್ ಎಲ್ಲ ಸೇರ್ಸಿ ಒಂದ್ 75 ಅಂತ ಹಿಡೀರಿ. ಒಟ್ಟು 375 ಕೆಜಿ, ಅಂದ್ರೆ ಮೀಟರಿಗೆ 3.75 ಕಿಲೋನ್ಯೂಟನ್. ಬೀಮಿನ ಎರಡೂ ತುದಿ ಅಲ್ಲಾಡದ ಹಾಗೆ, ತಿರುಗದ ಹಾಗೆ ಗಟ್ಟಿ ಹಿಡಿದಿದ್ರೆ ಲೋಡನ್ನ ಉದ್ದದ ವರ್ಗದಿಂದ ಗುಣಿಸಿ 12ರಿಂದ ಭಾಗಿಸ್ಬೇಕು, ತುದಿಯಲ್ಲಿ 25.3 ಕಿಲೋನ್ಯೂಟನ್-ಮೀಟರ್ ಮೊಮೆಂಟ್ (ಬೀಮನ್ನ ಬಗ್ಗಿಸೋ ಪರಿಣಾಮ) ಬರ್ತದೆ. ಐಎಸ್‌ಎಂಬಿ 200ರ ಸೆಕ್ಷನ್ ಮಾಡ್ಯುಲಸ್ (ಬಗ್ಗೋದನ್ನ ಅದರ ಆಕಾರ ಎಷ್ಟು ತಡೀತದೆ ಅನ್ನೋ ಅಳತೆ) 223.5 ಘನ ಸೆಂಟಿಮೀಟರ್. ಭಾಗಿಸಿ ನೋಡಿ, 113. ನಡುವೆ ಅದರ ಅರ್ಧ, 57. ಅಂದ್ರೆ ಸಾಫ್ಟ್‌ವೇರ್ ಪಕ್ಕಾ ಸರಿಯಾದ ಲೆಕ್ಕಾನೇ ಮಾಡಿದೆ, ಆದ್ರೆ ನಿಮ್ಮೂರ ಸಂಕದ್ದಲ್ಲ, ಎರಡೂ ತುದಿ ಬಂಡೆಯೊಳಗೆ ಹುಗಿದು ಕೂರ್ಸಿದ ಬೇರೊಂದು ಸಂಕದ್ದು.

ನಿಮ್ಮ ಬೀಮು ಚಿರೆಕಲ್ಲು ಗೋಡೆ ಮೇಲೆ ಸುಮ್ನೆ ಕೂತಿದೆ. ಸುತ್ತ ಒಂದಿಷ್ಟು ಸಿಮೆಂಟ್ ಮೆತ್ತಿರ್ತಾರೆ, ಅದು ಬೀಮು ತಿರುಗೋದನ್ನ ತಡೆಯೋ ತಾಕತ್ತಿನದ್ದಲ್ಲ, ನಾಲ್ಕು ಮಳೆಗಾಲ ಕಳೆದ ಮೇಲೆ ಅಲ್ಲಿ ಬಿರುಕು ಬಿಟ್ಟಿರೋದನ್ನ ನೀವೇ ನೋಡಿರ್ತೀರಿ. ತುದಿ ತಿರುಗೋಕೆ ಬಿಟ್ರೆ 12ರ ಬದ್ಲು 8ರಿಂದ ಭಾಗಿಸ್ಬೇಕು. ಮೊಮೆಂಟ್ 38, ಸ್ಟ್ರೆಸ್ 170, ಅದೂ ತುದಿಯಲ್ಲಲ್ಲ, ನಟ್ಟನಡುವೆ. ಅವನ ಮಾಡೆಲಲ್ಲಿ 57 ಇದ್ದ ಜಾಗದಲ್ಲಿ ನಿಜವಾಗಿ 170 ಅಂದ್ರೆ ಮೂರು ಪಟ್ಟು! ಸಾಫ್ಟ್‌ವೇರಲ್ಲಿ ಒಂದೇ ಒಂದು ಕ್ಲಿಕ್ಕಿನ ವ್ಯತ್ಯಾಸ ಅದು, ‘ಫಿಕ್ಸೆಡ್’ ಅಂತ ಕೊಡೋದೋ ‘ಸಿಂಪ್ಲಿ ಸಪೋರ್ಟೆಡ್’ ಅಂತ ಕೊಡೋದೋ ಅಂತ. ಬಗ್ಗೋದರಲ್ಲಿ ವ್ಯತ್ಯಾಸ ಇನ್ನೂ ಜಾಸ್ತಿ, ಫಿಕ್ಸೆಡ್ ಆದ್ರೆ ಪೂರ್ತಿ ಲೋಡಿಗೆ ನಡುವೆ 14 ಮಿಲಿಮೀಟರ್ ತಗ್ಗಬೇಕು, ಸುಮ್ನೆ ಕೂತಿದ್ರೆ 72. ಐದು ಪಟ್ಟು.

ಈ ತರದ ಸಿಮ್ಯುಲೇಶನ್ ಒಳಗೆ ನಡೆಯೋದು ಏನು ಅಂತ ಗೊತ್ತಾದ್ರೆ ಇದು ಯಾಕೆ ಹೀಗೆ ಅಂತ ಅರ್ಥ ಆಗ್ತದೆ. ಫೈನೈಟ್ ಎಲಿಮೆಂಟ್ ವಿಧಾನ ಅಂತಾರೆ ಇದಕ್ಕೆ. ಬೇಕಾದ ಆಕಾರದ ವಸ್ತುವನ್ನ ಸಣ್ಣ ಸಣ್ಣ ತುಂಡು ಮಾಡಿ, ಒಂದೊಂದು ತುಂಡಿಗೂ ಎಳೆದ್ರೆ ಎಷ್ಟು ಹಿಗ್ತದೆ ಅನ್ನೋ ಸರಳ ಸಮೀಕರಣ ಬರೆದು, ತುಂಡು ಸೇರೋ ಜಾಗದಲ್ಲಿ ಎಲ್ಲಾನೂ ಒಟ್ಟು ಹೊಂದಿಸಿ ಸಾವಿರಗಟ್ಟಲೆ ಲಕ್ಷಗಟ್ಟಲೆ ಸಮೀಕರಣ ಒಂದೇ ಸಲ ಬಿಡಿಸೋದು. ಗಣಿತಜ್ಞ ಕೂರಾಂಟ್ 1943ರಲ್ಲಿ ಇದರ ಬೀಜ ಹಾಕಿದ್ರು, 1956ರಲ್ಲಿ ವಿಮಾನದ ರೆಕ್ಕೆ ಲೆಕ್ಕಕ್ಕೆ ಟರ್ನರ್, ಕ್ಲಫ್ ಮತ್ತು ಜೊತೆಯವರು ಇದನ್ನ ಬಳಕೆಗೆ ತಂದ್ರು, 1960ರಲ್ಲಿ ಕ್ಲಫ್ ಈ ಹೆಸರು ಇಟ್ರು. ಈಗ ಫ್ರೀಕ್ಯಾಡ್, ಕ್ಯಾಲ್ಕ್ಯುಲಿಕ್ಸ್ ಅಂತ ಪುಕ್ಕಟೆ ಸಾಫ್ಟ್‌ವೇರಲ್ಲೇ ಹಾಸ್ಟೆಲ್ ರೂಮಲ್ಲಿ ಕೂತು ಮಾಡ್ಬಹುದು, ಇದು ನಿಜಕ್ಕೂ ದೊಡ್ಡ ವಿಷಯ. ಆದ್ರೆ ಆ ಸಮೀಕರಣಗಳಿಗೆ ಬೇಕಾದ ಮೂರು ಸಂಗತಿ ಎಂದೂ ಕಂಪ್ಯೂಟರ್ ಹುಡುಕಿ ಕೊಡೋದಿಲ್ಲ: ಎಲ್ಲಿ ಹಿಡಿದಿದೆ, ಎಷ್ಟು ಭಾರ ಬರ್ತದೆ, ವಸ್ತು ಈಗ ಯಾವ ಸ್ಥಿತಿಯಲ್ಲಿ ಅದೆ. ಇವನ್ನ ಮನುಷ್ಯ ಹೊಳೆಗೆ ಇಳಿದು ನೋಡ್ಕೊಂಡು ಬಂದು ಕೊಡ್ಬೇಕು. ಕೊಟ್ಟಿದ್ದು ಸರಿಯೋ ತಪ್ಪೋ, ಬಣ್ಣದ ಚಿತ್ರ ಮಾತ್ರ ಅಷ್ಟೇ ಚೆಂದ ಬರ್ತದೆ.

ಇನ್ನು ಆ ಕೆಂಪು ಚುಕ್ಕಿ. ಗಣಿತದಲ್ಲಿ ಒಂದು ಮೈಯನ್ನ ಅಂಚಿನಲ್ಲಿ ಕೂದಲೆಳೆಯಷ್ಟೂ ಅಲ್ಲಾಡದ ಹಾಗೆ ಹಿಡಿದುಬಿಟ್ರೆ, ಇಲ್ಲಾ ಒಳಮೂಲೆಯನ್ನ ಸ್ವಲ್ಪವೂ ದುಂಡಗೆ ಮಾಡದೆ ಚೂಪಾಗಿ ಬಿಟ್ರೆ, ಆ ಬಿಂದುವಲ್ಲಿ ಸ್ಟ್ರೆಸ್ಸಿಗೆ ಕೊನೆಯೇ ಇಲ್ಲ. ತುಂಡು ಸಣ್ಣ ಮಾಡಿದಷ್ಟೂ ಅದು 340, 500, 800 ಅಂತ ಏರ್ತಾನೇ ಹೋಗ್ತದೆ, ಯಾವ ಸಂಖ್ಯೆಗೂ ನಿಲ್ಲೋದಿಲ್ಲ. ಇದಕ್ಕೆ ಸಿಂಗ್ಯುಲ್ಯಾರಿಟಿ ಅಂತಾರೆ. ನಿಜವಾದ ಕಬ್ಬಿಣದಲ್ಲಿ ಅಂಥ ಚೂಪು ಇರೋದಿಲ್ಲ, ಇದ್ರೂ ಅಷ್ಟು ಚಿಕ್ಕ ಜಾಗದಲ್ಲಿ ಕಬ್ಬಿಣ ಸ್ವಲ್ಪ ಮೆತ್ತಗಾಗಿ ಭಾರಾನ ಪಕ್ಕಕ್ಕೆ ದಾಟಿಸ್ತದೆ. ಪತ್ತೆ ಮಾಡೋ ಉಪಾಯ ನಿಮ್ಮ ಹುಡುಗನೇ ಮಾಡಿದ್ದಾನೆ: ಮೆಶ್ ಸಣ್ಣ ಮಾಡಿದಾಗ ಸಂಖ್ಯೆ ಒಂದು ಕಡೆ ಬಂದು ನಿಂತ್ರೆ ಅದು ನಂಬೋ ಸಂಖ್ಯೆ, ನಿಲ್ಲದೇ ಓಡ್ತಿದ್ರೆ ಅದು ಮಾಡೆಲಿನ ದೋಷ. ಹಾಗಂತ ಎಲ್ಲ ಕೆಂಪನ್ನೂ ಹೀಗೇ ತಳ್ಳಿ ಹಾಕ್ಬಾರದು ಮತ್ತೆ. ಪ್ಲೇಟಲ್ಲಿ ಒಂದು ದುಂಡು ತೂತು ಇದ್ರೆ ಅದರ ಅಂಚಲ್ಲಿ ಸ್ಟ್ರೆಸ್ ಮೂರು ಪಟ್ಟು ಆಗೋದು ಅಪ್ಪಟ ನಿಜ, ಕಿರ್ಷ್ ಅನ್ನೋರು 1898ರಲ್ಲೇ ಕೈಲೆಕ್ಕದಲ್ಲಿ ತೋರಿಸಿದ್ದು, ಅದು ಮೆಶ್ ಎಷ್ಟು ಸಣ್ಣ ಮಾಡಿದ್ರೂ ಮೂರಕ್ಕೇ ಬಂದು ನಿಲ್ತದೆ. ವೆಲ್ಡಿಂಗ್ ಅಂಚು, ಬೋಲ್ಟ್ ತೂತು ಇಂಥ ಕಡೆ ಲೋಡ್ ಲಕ್ಷಾಂತರ ಸಲ ಬಂದು ಹೋದ್ರೆ ಅಲ್ಲಿಂದಲೇ ಬಿರುಕು ಶುರು ಆಗೋದು. ನಿಮ್ಮ ಸಂಕದ ಮೇಲೆ ಓಡಾಡೋದು ಜನ, ಬೈಕು, ಹಾಗಾಗಿ ಈ ತರದ ಬಿರುಕು, ಫ್ಯಾಟೀಗ್ ಅಂತಾರೆ, ದೊಡ್ಡ ಚಿಂತೆ ಅಲ್ಲ, ಹೆದ್ದಾರಿ ಸೇತುವೆಗಾದ್ರೆ ಅದೇ ದೊಡ್ಡ ಚಿಂತೆ.

ಸರಿ, ಸಪೋರ್ಟ್ ತಿದ್ದಿ ಮಾಡಿದ್ರೂ 170, ಕಬ್ಬಿಣ 250 ತಡೀತದೆ, ಹಾಗಾದ್ರೆ ಸೇಫೇ ಅಲ್ದಾ ಅಂತ ಕೇಳ್ತೀರಿ. ಇಲ್ಲೇ ನನಗೆ ನಿಜವಾದ ಆತಂಕ ಇರೋದು, ದಯವಿಟ್ಟು ಇದನ್ನ ನಿಧಾನಕ್ಕೆ ಓದಿ.

ಮಾಮೂಲಿ ಸ್ಟ್ಯಾಟಿಕ್ ಅನಾಲಿಸಿಸ್ ಒಂದೇ ತರದ ಸೋಲನ್ನ ನೋಡ್ತದೆ, ಸ್ಟ್ರೆಸ್ ಮಿತಿ ದಾಟಿತೋ ಇಲ್ವೋ ಅಂತ. ಆದ್ರೆ ತೆಳ್ಳಗೆ ಉದ್ದಕ್ಕಿರೋ ಬೀಮು ಸ್ಟ್ರೆಸ್ಸಿಗೆ ಸೋಲೋ ಮೊದ್ಲೇ ಇನ್ನೊಂದು ರೀತಿ ಸೋಲ್ತದೆ. ಬಗ್ಗುವಾಗ ಬೀಮಿನ ಮೇಲಿನ ಫ್ಲ್ಯಾಂಜ್ (ಐ ಆಕಾರದ ಅಡ್ಡ ಪಟ್ಟಿ) ಒತ್ತಿಸಿಕೊಳ್ತಾ ಇರ್ತದಲ್ಲ, ಅದನ್ನ ಪಕ್ಕಕ್ಕೆ ಯಾರೂ ಹಿಡಿದಿಲ್ಲದಿದ್ರೆ ಅದು ತಟ್ಟನೆ ಅಡ್ಡಕ್ಕೆ ಸರಿದು ಇಡೀ ಬೀಮು ತಿರುಚಿಕೊಳ್ತದೆ. 9 ಮೀಟರ್ ಉದ್ದದ ಐಎಸ್‌ಎಂಬಿ 200ನ್ನ ನಡುವೆ ಎಲ್ಲೂ ಹಿಡಿಯದೆ ಬಿಟ್ರೆ ಈ ತಿರುಚೋದು ಸುಮಾರು 17ರಿಂದ 19 ಕಿಲೋನ್ಯೂಟನ್-ಮೀಟರ್ ಮೊಮೆಂಟಿಗೇ ಶುರು ಆಗ್ತದೆ. ಸಂಕ ತುಂಬ ಜನ ನಿಂತಾಗ ಬರೋದು 38! ಅಂದ್ರೆ ಒಟ್ಟು ಭಾರದ ಅರ್ಧಕ್ಕೇ, ಸ್ಟ್ರೆಸ್ ಇನ್ನೂ 80ರ ಆಸುಪಾಸು ಇರೋವಾಗ್ಲೇ, ಚಿತ್ರದಲ್ಲಿ ಎಲ್ಲ ನೀಲಿ ಹಸಿರು ಇರೋವಾಗ್ಲೇ ಬೀಮು ಕೈ ಕೊಡಬಹುದು. ಸಾಫ್ಟ್‌ವೇರಲ್ಲಿ ‘ಬಕ್ಲಿಂಗ್’ ಅಂತ ಬೇರೆ ಅನಾಲಿಸಿಸ್ ಇರ್ತದೆ, ಅದನ್ನ ಕೇಳಿದ್ರೆ ಮಾತ್ರ ಹೇಳ್ತದೆ, ಕೇಳದಿದ್ರೆ ಬಾಯಿ ಬಿಡೋದಿಲ್ಲ. ನನ್ನ ಅನುಭವದಲ್ಲಿ ವಿದ್ಯಾರ್ಥಿಗಳ ರಿಪೋರ್ಟಲ್ಲಿ ಜಾಸ್ತಿ ಬಿಟ್ಟುಹೋಗೋದು ಇದೇ.

ನಿಮ್ಮ ಸಂಕದಲ್ಲಿ ಇದಕ್ಕೆ ಪರಿಹಾರ ಬಹುಶಃ ಆಗ್ಲೇ ಅದೆ, ಇದೆಯಾ ಅಂತ ನೋಡ್ಬೇಕು ಅಷ್ಟೇ. ಕೆಳಗೆ ಇಳಿದು ತಲೆ ಎತ್ತಿ ನೋಡಿ: ಎರಡು ಬೀಮಿನ ನಡುವೆ ಒಂದೂವರೆ ಎರಡು ಮೀಟರಿಗೊಂದು ಅಡ್ಡ ಆಂಗಲ್ ಅದೆಯಾ, ಮೂಲೆಯಿಂದ ಮೂಲೆಗೆ ಕತ್ತರಿ ಹಾಕಿದ್ದು ಅದೆಯಾ, ಚೆಕರ್ಡ್ ಪ್ಲೇಟು ಬೀಮಿಗೆ ಉದ್ದಕ್ಕೂ ವೆಲ್ಡ್ ಆಗಿದೆಯಾ ಅಥವಾ ಅಲ್ಲಲ್ಲಿ ಟ್ಯಾಕ್ ಹಾಕಿ ಬಿಟ್ಟಿದ್ದಾರಾ. ಅಡ್ಡ ಆಂಗಲ್‌ಗಳು, ಕತ್ತರಿ ಬ್ರೇಸಿಂಗ್ ಗಟ್ಟಿ ಇದ್ರೆ ಈ ಭಯ ಹೋಯ್ತು. ಟ್ಯಾಕ್ ಬಿಟ್ಟು ಪ್ಲೇಟು ನಡೆಯುವಾಗ ‘ಟಕ್ ಟಕ್’ ಅಂತ ಸದ್ದು ಮಾಡ್ತಿದ್ರೆ ಆ ಹಿಡಿತ ಹೋಗಿದೆ ಅಂತಲೇ ತಿಳ್ಕೊಳ್ಳಿ, ಅದನ್ನ ಸರಿ ಮಾಡೋದು ಒಬ್ಬ ವೆಲ್ಡರ್, ಒಂದಿಷ್ಟು ಆಂಗಲ್, ಒಂದೆರಡು ದಿನದ ಕೆಲ್ಸ.

ಮುಂದಿನದ್ದು ತುಕ್ಕು. ಶಿರಸಿ ಕಡೆ ಮಳೆ ಹಿಡೀತು ಅಂದ್ರೆ ನಾಲ್ಕು ತಿಂಗಳು ಕಬ್ಬಿಣ ಒಣಗೋದೇ ಇಲ್ಲ. ಮಾಡೆಲಲ್ಲಿ ಇರೋ ಐಎಸ್‌ಎಂಬಿ 200 ಕಾರ್ಖಾನೆಯಿಂದ ಬಂದ ದಿನದ್ದು. ಇಪ್ಪತ್ತು ವರ್ಷದಲ್ಲಿ ಮೇಲಿನ ಕೆಳಗಿನ ಫ್ಲ್ಯಾಂಜ್‌ಗಳ ಹೊರಮೈಯಿಂದ ಬರೀ 2 ಮಿಲಿಮೀಟರ್ ತಿಂದುಹೋಗಿದ್ರೂ ಸೆಕ್ಷನ್ ಮಾಡ್ಯುಲಸ್ 223ರಿಂದ 188ರ ಹತ್ರ ಇಳೀತದೆ, 170 ಇದ್ದ ಸ್ಟ್ರೆಸ್ 202 ಆಗ್ತದೆ. ಆದ್ರೆ ನನಗೆ ನಡುವಿನ ಭಾಗಕ್ಕಿಂತ ತುದಿ ಮೇಲೆ ಕಣ್ಣು. ಬೀಮು ಗೋಡೆ ಮೇಲೆ ಕೂರೋ ಜಾಗದಲ್ಲಿ ತರಗೆಲೆ, ಮಣ್ಣು, ಕೊಳೆತ ದರಕು ಎಲ್ಲ ತುಂಬ್ಕೊಂಡು ಬೇಸಿಗೆಯಲ್ಲೂ ಒದ್ದೆ ಇರ್ತದೆ, ಇಡೀ ಬೀಮಿನ ಭಾರ ಅಲ್ಲಿ ಒಂದು ತೆಳು ವೆಬ್ (ಐ ಆಕಾರದ ನಡುವೆ ನೆಟ್ಟಗಿರೋ ಪಟ್ಟಿ) ಮೂಲಕ ಗೋಡೆಗೆ ಇಳಿಯೋದು, ಹೊಸದರಲ್ಲೇ ಆ ವೆಬ್ ದಪ್ಪ 5.7 ಮಿಲಿಮೀಟರ್ ಮಾತ್ರ. ಅದು ಎರಡೂ ಕಡೆಯಿಂದ ತಿಂದು 3ಕ್ಕೆ ಬಂದ್ರೆ, ತೂತು ಬಿದ್ರೆ, ನಡುವೆ ಎಷ್ಟೇ ಗಟ್ಟಿ ಇದ್ರೂ ಪ್ರಯೋಜನ ಇಲ್ಲ. ಆ ಕಸ ಕೆರೆದು, ತಂತಿ ಬ್ರಷ್ ಹಾಕಿ, ದಪ್ಪ ಅಳೀರಿ. ಅಲ್ಟ್ರಾಸಾನಿಕ್ ಥಿಕ್‌ನೆಸ್ ಗೇಜ್ ಅಂತ ಅಂಗೈಯಲ್ಲಿ ಹಿಡಿಯೋ ಯಂತ್ರ ಬರ್ತದೆ, ಹುಡುಗನ ಕಾಲೇಜ್ ಲ್ಯಾಬಲ್ಲಿ ಇದ್ರೆ ಒಂದಿನಕ್ಕೆ ಕೇಳಿ ತರ್ಲಿ. ಬಂದ ದಪ್ಪಾನ ಮಾಡೆಲಿಗೆ ಹಾಕ್ಲಿ. ಆಗ ಅದು ಮೊದಲ ಸಲ ನಿಮ್ಮ ಸಂಕದ ಮಾಡೆಲ್ ಆಗ್ತದೆ.

ಇದೆಲ್ಲ ಸಣ್ಣ ಸಂಕದ ಮಾತು, ದೊಡ್ಡ ದೊಡ್ಡವರು ಮಾಡೋವಾಗ ಹೀಗೆ ಆಗೋದಿಲ್ಲ ಅಂತ ನೀವು ಅಂದ್ಕೊಳ್ಬಾರದು ಅಂತ ಎರಡು ಘಟನೆ ಹೇಳ್ತೇನೆ, ಒಂದು ದೂರದ್ದು, ಒಂದು ನಮ್ಮ ಜಿಲ್ಲೆದ್ದೇ.

ನಾರ್ವೆ ದೇಶದಲ್ಲಿ ಸ್ಲೈಪ್ನರ್ ಎ ಅಂತ ಸಮುದ್ರದ ತೈಲ-ಅನಿಲ ವೇದಿಕೆಗೆ ಒಂದು ದೈತ್ಯ ಕಾಂಕ್ರೀಟ್ ತಳ ಕಟ್ಟಿದ್ರು, 24 ಕೊಳವೆಯಂಥ ಕೋಣೆಗಳು ಒಂದಕ್ಕೊಂದು ಅಂಟಿಕೊಂಡ ಹಾಗೆ. ಮೂರು ಕೋಣೆ ಸೇರೋ ಕಡೆ ತ್ರಿಕೋನದ ಸಣ್ಣ ಸಂದು ಉಳೀತದೆ, ಅದರೊಳಗೆ ಸಮುದ್ರದ ನೀರು ನುಗ್ಗಿ ಗೋಡೆ ಮೇಲೆ ಒತ್ತಡ ಹಾಕ್ತದೆ. ಅಲ್ಲಿನ ಮೆಶ್ ತುಂಬ ದೊಡ್ಡ ದೊಡ್ಡ ತುಂಡಿನದ್ದಾಗಿತ್ತು, ಆಕಾರವೂ ವಕ್ರ, ಹಾಗಾಗಿ ಗೋಡೆಯನ್ನ ಕತ್ತರಿಸೋ ಶಿಯರ್ ಬಲ ಶೇಕಡಾ 47ರಷ್ಟು ಕಡಿಮೆ ಬಂತು. ಕಡಿಮೆ ಬಂದಿದ್ದಕ್ಕೆ ಗೋಡೆ ತೆಳು ಮಾಡಿದ್ರು, ಒಳಗಿನ ಸರಳನ್ನೂ ಗಿಡ್ಡ ಮಾಡಿದ್ರು. 1991ರ ಆಗಸ್ಟ್ 23ರಂದು ಅದನ್ನ ಪರೀಕ್ಷೆಗೆ ಅಂತ ನೀರಲ್ಲಿ ನಿಧಾನಕ್ಕೆ ಇಳಿಸ್ತಿರುವಾಗ ಸುಮಾರು 65 ಮೀಟರ್ ಆಳದಲ್ಲಿ ಗೋಡೆ ಒಡೆದು ಇಡೀ ರಚನೆ ಮುಳುಗಿಹೋಯ್ತು. ಜೀವಹಾನಿ ಆಗ್ಲಿಲ್ಲ, ನಷ್ಟ 70 ಕೋಟಿ ಡಾಲರ್ ಅಂತ ಅಂದಾಜು. ನನ್ನನ್ನ ಇವತ್ತಿಗೂ ತಟ್ಟೋದು ಆಮೇಲಿನದ್ದು: ತನಿಖೆಯಲ್ಲಿ ಅದೇ ಜಾಗಕ್ಕೆ ಎಚ್ಚರದಿಂದ ಮೆಶ್ ಮಾಡಿ ಲೆಕ್ಕ ಹಾಕಿದಾಗ 62 ಮೀಟರಿಗೆ ಒಡೀತದೆ ಅಂತ ಬಂತು! ವಿಧಾನಕ್ಕೆ ಸತ್ಯ ಹೇಳೋ ಶಕ್ತಿ ಪೂರ್ತಿ ಇತ್ತು. ಒಂದು ಸಂದಿಗೆ ಸಣ್ಣ ತುಂಡು ಹಾಕಿ, ಒಂದು ಪುಟ ಕೈಲೆಕ್ಕ ಮಾಡಿ ಹೋಲಿಸಿದ್ರೆ ಅದು ಕಟ್ಟೋ ಮೊದ್ಲೇ ಗೊತ್ತಾಗ್ತಿತ್ತು.

ನಮ್ಮ ಜಿಲ್ಲೆದ್ದು ಕೈಗಾ ಅಣುವಿದ್ಯುತ್ ಸ್ಥಾವರದ್ದು. 1994ರ ಮೇ 13ರಂದು ಕಟ್ತಾ ಇದ್ದ 1ನೇ ಘಟಕದ ಒಳಗಿನ ಗುಮ್ಮಟದ ಕೆಳಭಾಗದಿಂದ ಕಾಂಕ್ರೀಟಿನ ಪದರ ಕಳಚಿ ಬಿತ್ತು, ಸುಮಾರು 130 ಟನ್. ಆಗ ಇನ್ನೂ ಇಂಧನ ಗಿಂಧನ ಏನೂ ಇರ್ಲಿಲ್ಲ, ಕೆಲಸಗಾರರಿಗೆ ಗಾಯ ಆಯ್ತು. ಗುಮ್ಮಟದ ಒಳಗೆ ಉಕ್ಕಿನ ಕೇಬಲ್ ಹಾಯಿಸಿ ಜಗ್ಗಿ ಬಿಗಿ ಮಾಡ್ತಾರೆ, ಪ್ರಿಸ್ಟ್ರೆಸ್ಸಿಂಗ್ ಅದು, ಆ ಕೆಲ್ಸ ನಡೀತಾ ಇತ್ತು. ಗುಮ್ಮಟ ಬಾಗಿದ ಆಕಾರ, ಹಾಗಾಗಿ ಕೇಬಲ್ಲೂ ಬಾಗಿರ್ತದೆ. ಬಾಗಿದ ಕೇಬಲ್ ಜಗ್ಗಿದ್ರೆ ಅದು ನೇರ ಆಗೋಕೆ ನೋಡ್ತಾ ಒಳಮುಖವಾಗಿ ಒತ್ತುತ್ತದೆ, ಅದರಿಂದ ಒತ್ತಿಸಿಕೊಂಡ ಕಾಂಕ್ರೀಟು ಹೊರಮುಖವಾಗಿ ಉಬ್ಬೋಕೆ ನೋಡ್ತದೆ, ಈ ಎರಡರ ನಡುವೆ ಸಿಕ್ಕಿದ ಪದರಕ್ಕೆ ದಪ್ಪದ ದಿಕ್ಕಿನಲ್ಲಿ ಎಳೆತ ಬರ್ತದೆ. ಕಾಂಕ್ರೀಟ್ ಎಳೆತಕ್ಕೆ ಬಹಳ ಸೋಲ್ತದೆ, ಒತ್ತೋದನ್ನ ತಡೆಯೋದರ ಹತ್ತರಲ್ಲೊಂದು ಪಾಲೂ ಸರಿಯಾಗಿ ತಡೆಯೋದಿಲ್ಲ. ಹಾಗಾಗಿ ಈರುಳ್ಳಿ ಸಿಪ್ಪೆ ಬಿಟ್ಟ ಹಾಗೆ ಪದರ ಬಿಟ್ಟುಕೊಳ್ತದೆ.

ಮಾಡೆಲ್ ಮಾಡೋರು ಇದರಿಂದ ತಿಳೀಬೇಕಾದ್ದು ಬಹಳ ಅದೆ. ಗುಮ್ಮಟದಂಥ ತೆಳು ರಚನೆಗೆ ಎಲ್ಲರೂ ಸಹಜವಾಗಿ ಶೆಲ್ ಎಲಿಮೆಂಟ್ ಹಾಕ್ತಾರೆ, ಕಡಿಮೆ ಹೊತ್ತಲ್ಲಿ ಒಳ್ಳೆ ಉತ್ತರ ಬರ್ತದೆ. ಆದ್ರೆ ಶೆಲ್ ಎಲಿಮೆಂಟ್ ಕಟ್ಟಿರೋದೇ ದಪ್ಪದ ದಿಕ್ಕಿನಲ್ಲಿ ಸ್ಟ್ರೆಸ್ ಸೊನ್ನೆ ಅನ್ನೋ ಊಹೆ ಮೇಲೆ. ಪದರ ಬಿಡಿಸೋ ಎಳೆತ ಅನ್ನೋದಕ್ಕೆ ಆ ಮಾಡೆಲಲ್ಲಿ ಜಾಗವೇ ಇಲ್ಲ. ಮೆಶ್ ಕೋಟಿ ತುಂಡು ಮಾಡಿ, ದುಬಾರಿ ಕಂಪ್ಯೂಟರ್ ತನ್ನಿ, ಆ ಸಂಖ್ಯೆ ಸೊನ್ನೆ ಬಿಟ್ಟು ಮೇಲೆ ಏಳೋದಿಲ್ಲ. ಅದನ್ನ ನೋಡ್ಬೇಕಾದ್ರೆ ಘನ ಎಲಿಮೆಂಟ್ ಹಾಕಿ, ಕೇಬಲ್ ಹೋಗೋ ಕೊಳವೆಯ ತೂತನ್ನೂ ಲೆಕ್ಕಕ್ಕೆ ತಗೋಬೇಕು, ಯಾಕಂದ್ರೆ ತೂತು ಇದ್ದಲ್ಲಿ ಎಳೆತ ತಡೆಯೋಕೆ ಉಳಿಯೋ ಕಾಂಕ್ರೀಟೇ ಕಡಿಮೆ. ಅಥವಾ ಕೇಬಲಿನ ಬಲವನ್ನ ಬಾಗಿನ ತ್ರಿಜ್ಯದಿಂದ ಭಾಗಿಸೋ ಒಂದು ಸಾಲಿನ ಕೈಲೆಕ್ಕ ಮಾಡಿ ಹೆದರಬೇಕು. ಕೈಗಾದಲ್ಲಿ ಗುಮ್ಮಟವನ್ನ ಮತ್ತೆ ಮೊದಲಿಂದ ವಿನ್ಯಾಸ ಮಾಡಿದ್ರು, ಹೆಚ್ಚು ಶಕ್ತಿಯ ಕಾಂಕ್ರೀಟ್ ಹಾಕಿದ್ರು, ದಪ್ಪದ ದಿಕ್ಕಿಗೂ ಸರಳು ಕೊಟ್ರು. 2000ದಲ್ಲಿ ಆ ಘಟಕ ಚಾಲೂ ಆಯ್ತು, 2018ರ ಕೊನೆಗೆ ಅದೇ ಘಟಕ ಒಂದೇ ಸಮನೆ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡ್ತು, ಅದು ನಮ್ಮ ಜಿಲ್ಲೆಯವರಿಗೆ ಹೆಮ್ಮೆ ಪಡೋ ಮಾತೇ.

ಈಗ ಕಾಳಿ ಸೇತುವೆ. 2024ರ ಆಗಸ್ಟ್ 7ರ ನಡುರಾತ್ರಿ ದಾಟಿದ ಮೇಲೆ ಕೋಡಿಬಾಗ-ಸದಾಶಿವಗಡ ನಡುವಿನ ಹಳೇ ಸೇತುವೆ ಕುಸಿದು ಒಂದು ಲಾರಿ ನದಿಗೆ ಬಿತ್ತು, ಚಾಲಕನನ್ನ ಜೀವಂತ ಎತ್ತಿದ್ರು. ನಲವತ್ತು ವರ್ಷ ದಾಟಿದ ಸೇತುವೆ. ಆ ಒಂದು ಸೇತುವೆ ಯಾಕೆ ಬಿತ್ತು ಅಂತ ಹೇಳೋದು ಅದರ ತುಂಡುಗಳನ್ನ ಪರೀಕ್ಷೆ ಮಾಡಿದವರ ಕೆಲ್ಸ, ನಾನಿಲ್ಲಿ ಕೂತು ತೀರ್ಪು ಕೊಡೋದು ಸರಿಯಲ್ಲ. ಆದ್ರೆ ‘ಸಿಮ್ಯುಲೇಶನ್ ಮಾಡಿದ್ರೆ ಗೊತ್ತಾಗ್ತಿತ್ತಾ’ ಅನ್ನೋದು ಕರಾವಳಿಯ ಎಲ್ಲ ಹಳೇ ಸೇತುವೆಗೂ ಕೇಳಬೇಕಾದ ಪ್ರಶ್ನೆ, ಅದಕ್ಕೆ ಉತ್ತರ ಹೇಳ್ಬಹುದು.

ಹಳೇ ಡ್ರಾಯಿಂಗ್ ಇಟ್ಕೊಂಡು ಮಾಡೆಲ್ ಮಾಡಿದ್ರೆ ಸೇತುವೆ ಉದ್ಘಾಟನೆ ಆದ ದಿನ ಹೇಗಿತ್ತು ಅನ್ನೋದು ಗೊತ್ತಾಗ್ತದೆ, ಅಷ್ಟೇ. ಭರತ ಬಂದಾಗ ಉಪ್ಪುನೀರು ಒಳಗೆ ಏರೋ ಅಳಿವೆಯಲ್ಲಿ ಕಾಂಕ್ರೀಟಿನ ಸಣ್ಣ ರಂಧ್ರಗಳ ಮೂಲಕ ಉಪ್ಪಿನ ಕ್ಲೋರೈಡ್ ವರ್ಷಕ್ಕೆ ಇಷ್ಟಿಷ್ಟೇ ಒಳಗೆ ಹೋಗಿ ಸರಳನ್ನ ಮುಟ್ತದೆ, ಮುಟ್ಟಿದ ಮೇಲೆ ತುಕ್ಕು ಶುರು. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ತಗೊಳ್ತದೆ, ಒಳಗಿಂದಲೇ ಕಾಂಕ್ರೀಟನ್ನ ಒಡೀತದೆ. ಅದಕ್ಕೇ ಕಾಂಕ್ರೀಟ್ ಕೆಲ್ಸದ ಭಾರತೀಯ ಮಾನದಂಡ ಐಎಸ್ 456ರಲ್ಲಿ ಕಡಲತೀರದ ಆರ್‌ಸಿಸಿಗೆ ಕನಿಷ್ಠ ಎಂ30 ಕಾಂಕ್ರೀಟ್, 45 ಮಿಲಿಮೀಟರ್ ಕವರ್ (ಸರಳಿನ ಹೊರಗಿನ ಕಾಂಕ್ರೀಟಿನ ದಪ್ಪ), ಸಮುದ್ರದ ನೀರು ಸಿಡಿಯೋ ಕಡೆ ಎಂ35, 50 ಮಿಲಿಮೀಟರ್ ಅಂತ ಇರೋದು. ಪ್ರಿಸ್ಟ್ರೆಸ್ ಕೇಬಲ್ ಇರೋ ಸೇತುವೆ ಆದ್ರೆ ಇನ್ನೂ ಕಷ್ಟ, ಸರಳು ತುಕ್ಕು ಹಿಡಿದ್ರೆ ಕಾಂಕ್ರೀಟ್ ಉದುರಿ ಕಣ್ಣಿಗೆ ಕಾಣ್ತದೆ, ಕೊಳವೆಯೊಳಗಿನ ಕೇಬಲ್ ತಂತಿ ಒಂದೊಂದೇ ಹರಿದ್ರೆ ಹೊರಗೆ ಏನೂ ಕಾಣದೇ ಇರಬಹುದು.

ಹಾಗಾಗಿ ಮಾಡೆಲಿಗೆ ಮೊದ್ಲು ಪರೀಕ್ಷೆ ಬೇಕು. ಕೋರ್ (ಕೊರೆದು ತೆಗೆದ ಕಾಂಕ್ರೀಟ್ ತುಂಡು) ತೆಗೆದು ಕ್ಲೋರೈಡ್ ಎಷ್ಟು ಆಳಕ್ಕೆ ಇಳಿದಿದೆ ಅಂತ ನೋಡೋದು, ಹಾಫ್ ಸೆಲ್ ಪೊಟೆನ್ಶಿಯಲ್ (ಒಳಗಿನ ಸರಳಿನ ವೋಲ್ಟೇಜ್) ಅಳೆಯೋದು, ಮುಳುಗು ತಜ್ಞರನ್ನ ಇಳಿಸಿ ಕಂಬದ ಬುಡದಲ್ಲಿ ಮರಳು ಕೊಚ್ಚಿಹೋಗಿದೆಯಾ ಅಂತ ನೋಡೋದು. ಹಾಫ್ ಸೆಲ್ಲಲ್ಲಿ ತಾಮ್ರ-ಸಲ್ಫೇಟ್ ಎಲೆಕ್ಟ್ರೋಡಿಗೆ ಮೈನಸ್ 350 ಮಿಲಿವೋಲ್ಟಿಗಿಂತ ಕೆಳಗೆ ಬಂದ್ರೆ ಅಲ್ಲಿ ತುಕ್ಕು ನಡೀತಾ ಇರೋ ಸಾಧ್ಯತೆ ಶೇಕಡಾ 90ಕ್ಕಿಂತ ಜಾಸ್ತಿ ಅಂತ ಹಿಡೀತಾರೆ. ಈ ಅಳತೆಗಳನ್ನ ಮಾಡೆಲಿಗೆ ಹಾಕಿ, ಒಂದು ಕೇಬಲ್ ಹೋದ್ರೆ ಏನಾಗ್ತದೆ, ಎರಡು ಹೋದ್ರೆ ಏನಾಗ್ತದೆ, ಎಷ್ಟು ಹೋದ್ಮೇಲೆ ಒಂದು ಲಾರಿಗೂ ತಡೆಯೋದಿಲ್ಲ ಅಂತ ನೋಡಿದ್ರೆ ಆ ಸೇತುವೆಗೆ ಎಷ್ಟು ಅವಕಾಶ ಉಳಿದಿದೆ ಅನ್ನೋದು ಹೇಳೋಕಾಗ್ತದೆ. ‘ಇಂಥ ದಿನ ಬೀಳ್ತದೆ’ ಅಂತ ಯಾವ ಸಾಫ್ಟ್‌ವೇರೂ ಹೇಳೋದಿಲ್ಲ. ‘ಈ ಸ್ಥಿತಿಯಲ್ಲಿ ಭಾರಿ ವಾಹನ ಬಿಡಬಾರದು’ ಅಂತ ಖಂಡಿತ ಹೇಳ್ತದೆ, ಮತ್ತೆ ನಮಗೆ ಬೇಕಾಗಿರೋದು ಅದೇ. ಕರಾವಳಿಯ ಹಳೇ ಸೇತುವೆಗಳಿಗೆ ಇದನ್ನ ನಿಗದಿತ ವರ್ಷಕ್ಕೊಮ್ಮೆ ಮಾಡಿ, ವರದಿ ಜನರಿಗೆ ಸಿಗೋ ಹಾಗೆ ಇಡಬೇಕು ಅಂತ ನಾನು ಗಟ್ಟಿಯಾಗಿ ನಂಬ್ತೇನೆ.

ನಿಮ್ಮ ಸಂಕಕ್ಕೆ ಬರೋಣ. ಅದರಲ್ಲಿ ಇರೋ ಅನುಕೂಲ ಏನಂದ್ರೆ ಅದು ಸಣ್ಣದು, ಹಾಗಾಗಿ ಮಾಡೆಲ್ ನಿಜವೋ ಅಲ್ವೋ ಅಂತ ಊರವರೇ ಪರೀಕ್ಷೆ ಮಾಡ್ಬಹುದು. ಬೇಸಿಗೆಯಲ್ಲಿ ಹೊಳೆ ನೀರು ಇಳಿದಾಗ, ತುದಿಯ ವೆಬ್, ಅಡ್ಡ ಆಂಗಲ್ ಎಲ್ಲ ನೋಡಿ ಗಟ್ಟಿ ಅಂತ ಖಾತ್ರಿ ಆದ್ಮೇಲೆ ಮಾತ್ರ, ಒಬ್ಬ ಇಂಜಿನಿಯರನ್ನ ಜೊತೆಗೆ ಇಟ್ಕೊಂಡು, 50 ಕೆಜಿಯ 12 ಮರಳು ಚೀಲ ಸಂಕದ ನಟ್ಟನಡುವೆ ಇಡಿ. ಎಂಟ್ಹತ್ತು ಜನ ನಡುವೆ ನಿಂತಷ್ಟೇ ಭಾರ, ಬೀಮಿಗೆ ಬರೋ ಸ್ಟ್ರೆಸ್ 30ರ ಹತ್ರ. ಹೊಳೆಯ ಬಂಡೆ ಮೇಲೆ ಒಂದು ಕೋಲು ನಿಲ್ಲಿಸಿ ಅದಕ್ಕೆ ಸ್ಟೀಲ್ ಸ್ಕೇಲ್ ಕಟ್ಟಿ, ಬೀಮಿನ ತಳ ಎಷ್ಟು ಕೆಳಗೆ ಬಂತು ಅಂತ ಮೂರು ಮೂರು ಚೀಲಕ್ಕೊಮ್ಮೆ ಬರ್ಕೊಳ್ಳಿ, ಎರಡು ತುದಿಯಲ್ಲೂ ಹಾಗೇ ಅಳೀರಿ, ಗೋಡೆಯೇ ಕುಸೀತಾ ಇದ್ರೆ ಅದನ್ನ ಕಳೀಬೇಕಲ್ಲ. ಅಳೆಯೋರು ಸಂಕದ ನೇರ ಕೆಳಗೆ ನಿಲ್ಲಬಾರದು, ಪಕ್ಕದಿಂದ ಓದ್ಬೇಕು.

ತುದಿ ನಿಜವಾಗಿ ಫಿಕ್ಸ್ ಆಗಿದ್ರೆ 12 ಚೀಲಕ್ಕೆ ನಡುವೆ 2.5 ಮಿಲಿಮೀಟರ್ ತಗ್ಗಬೇಕು. ಸುಮ್ನೆ ಕೂತಿದ್ರೆ 10. ನನ್ನ ಊಹೆ ನಿಮಗೆ 8ರಿಂದ 10ರ ನಡುವೆ ಬರ್ತದೆ ಅಂತ, ಚೆಕರ್ಡ್ ಪ್ಲೇಟು ಚೂರು ಸಹಾಯ ಮಾಡ್ತದೆ. 12, 13 ಬಂದ್ರೆ ತುಕ್ಕು ನಾವು ಅಂದ್ಕೊಂಡಿದ್ದಕ್ಕಿಂತ ಜಾಸ್ತಿ ತಿಂದಿದೆ. ಚೀಲ ತೆಗೆದ ಮೇಲೆ ಬೀಮು ಮೊದಲಿನ ಗುರುತಿಗೆ ವಾಪಸ್ ಬರದಿದ್ರೆ ಅಲ್ಲಿಗೆ ನಿಲ್ಲಿಸಿ, ಓಡಾಟ ಬಂದ್ ಮಾಡಿ. ಬಂದ ಅಳತೆಗೆ ಹೊಂದೋ ಹಾಗೆ ಹುಡುಗ ಸಪೋರ್ಟ್ ಮತ್ತು ದಪ್ಪ ತಿದ್ದಲಿ, ಆಮೇಲೆ ಪೂರ್ತಿ 500 ಕೆಜಿ ಲೋಡ್ ಹಾಕಿ ಸ್ಟ್ರೆಸ್ಸೂ ನೋಡ್ಲಿ, ಬಕ್ಲಿಂಗೂ ನೋಡ್ಲಿ. ಆ ರಿಪೋರ್ಟನ್ನ ನಾನು ಖುಷಿಯಿಂದ ಓದ್ತೇನೆ. ಮತ್ತೆ ಪೂರ್ತಿ ಲೋಡಿಗೆ 72 ಮಿಲಿಮೀಟರ್ ತಗ್ಗೋದು ಅಂದ್ರೆ 9 ಮೀಟರಿಗೆ ಬಹಳ ಜಾಸ್ತಿ, 30ರ ಒಳಗೆ ಇರಬೇಕಿತ್ತು. ಹಾಗಾಗಿ ಜಾತ್ರೆ, ತೇರು ಅಂತ ಜನ ಗುಂಪಾಗಿ ದಾಟೋ ದಿನ ಒಂದು ಸಲಕ್ಕೆ ಹತ್ತು ಜನ ಅಂತ ಬೋರ್ಡ್ ಹಾಕೋದು ಈಗಿಂದಲೇ ಮಾಡಿ, ಮಾಡೆಲ್ ಮುಗಿಯೋವರೆಗೂ ಕಾಯಬೇಡಿ.

ಇಷ್ಟೆಲ್ಲ ಹೇಳಿದ ಮೇಲೆ ಆ ಮಾಡೆಲಲ್ಲಿ ಇಲ್ಲವೇ ಇಲ್ಲದ ಒಂದು ಸಂಗತಿ ಉಳೀತದೆ, ಚಿರೆಕಲ್ಲು ಗೋಡೆ. ಮಳೆಗಾಲದಲ್ಲಿ ಕಾಲುಸಂಕ ಹೋಗೋದು ಅಂದ್ರೆ ಬೀಮು ಮುರಿದೇ ಹೋಗ್ಬೇಕು ಅಂತಿಲ್ಲ, ಹೊಳೆ ತುಂಬಿ ಬಂದು ದಡದ ಗೋಡೆಯ ಬುಡದ ಮಣ್ಣು ಕೊರೆದು, ಇಲ್ಲಾ ತೇಲಿ ಬಂದ ಮರದ ದಿಮ್ಮಿ ಬೀಮಿಗೆ ಸಿಕ್ಕಿ ನೀರು ಕಟ್ಟಿ ನೂಕಿಯೂ ಹೋಗ್ತದೆ. ಬೀಮಿನ ಸ್ಟ್ರೆಸ್ 170 ಇರ್ಲಿ 113 ಇರ್ಲಿ ಆಗ ಏನೂ ಲೆಕ್ಕಕ್ಕೆ ಬರೋದಿಲ್ಲ. ಹಾಗಾಗಿ ಪಂಚಾಯತಕ್ಕೆ ಅರ್ಜಿ ಬರೀವಾಗ ‘ಸಂಕ ಪರಿಶೀಲಿಸಿ’ ಅಂತ ಒಂದೇ ಸಾಲು ಬರೀಬೇಡಿ, ಬಂದು ಮೇಲಿಂದ ನೋಡಿ ‘ಸುಸ್ಥಿತಿಯಲ್ಲಿದೆ’ ಅಂತ ಬರೆದು ಹೋಗಿಬಿಡಬಹುದು. ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದವರಿಗೆ ನಾಲ್ಕು ಸಂಗತಿ ಹೆಸರು ಹಿಡಿದು ಕೇಳಿ: ಬೀಮಿನ ತುದಿಯ ವೆಬ್ ದಪ್ಪ ಈಗ ಎಷ್ಟು, ಅಡ್ಡ ಬ್ರೇಸಿಂಗ್ ಎಷ್ಟು ಮೀಟರಿಗೊಂದು ಅದೆ, ಗೋಡೆಯ ಪಾಯ ಬಂಡೆ ಮೇಲೆ ಅದೆಯಾ ಮಣ್ಣಿನ ಮೇಲೆ ಅದೆಯಾ, ಹೋದ ಮಳೆಗಾಲದಲ್ಲಿ ನೀರು ಬೀಮಿನ ತಳದಿಂದ ಎಷ್ಟು ಕೆಳಗಿತ್ತು. ಕೊನೇದಕ್ಕೆ ಉತ್ತರ ನಿಮ್ಮೂರವರಿಗೇ ಚೆನ್ನಾಗಿ ಗೊತ್ತು, ಗೋಡೆ ಮೇಲೆ ಪೇಂಟಲ್ಲಿ ಒಂದು ಗೆರೆ ಎಳೆದು ಇಸವಿ ಬರೆದಿಡಿ.